ಬಲಗಡೆ ಎಂದರೆ ಯಾರ ಬಲಗಡೆ? ಚುಕ್ಕಿ ಎಂಬ ಹಸುವಿನ ಪ್ರಕರಣ

ಹಸು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯದು, ವಯಸ್ಸು ಐದು. ಎರಡು ಕರು ಹಾಕಿ ಮೂರನೆಯದಕ್ಕೆ ಏಳು ತಿಂಗಳ ಗಬ್ಬ. ಊರು ತಿಪಟೂರು ತಾಲ್ಲೂಕಿನ ತೆಂಗಿನ ತೋಟಗಳ ನಡುವೆ. ಮನೆಯ ಯಜಮಾನಿ ಐವತ್ತೈದು ದಾಟಿದ ಹೆಂಗಸು. ಕೊಟ್ಟಿಗೆಯ ಕೆಲಸವೆಲ್ಲ ಅವರದೇ, ಫೋನು ಮಾತ್ರ ಮಗನದು. ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಆ ಮಗ ನನಗೆ ಕರೆ ಮಾಡಿದ.

"ಡಾಕ್ಟರೇ, ಚುಕ್ಕಿ ನಿನ್ನೆ ಸಂಜೆಯಿಂದ ಸರಿಯಾಗಿ ಮೇಯುತ್ತಿಲ್ಲ. ಹೊಟ್ಟೆ ಬಲಗಡೆ ಉಬ್ಬಿದೆ. ಮುಂಗಾಲಿನ ಮಂಡಿ ನೋಯುತ್ತಿರಬೇಕು, ಕಾಲು ಅಗಲಿಸಿಕೊಂಡು ನಿಲ್ಲುತ್ತದೆ. ಹಾಲು ಎಂಟು ಲೀಟರಿನಿಂದ ಮೂರಕ್ಕೆ ಇಳಿದಿದೆ."

ನಾಲ್ಕು ವಾಕ್ಯ. ಒಂದರಲ್ಲೂ ಸುಳ್ಳಿಲ್ಲ. ಆದರೂ ಅವುಗಳಲ್ಲಿದ್ದ ಎರಡು ಪದಗಳನ್ನು ಅವನು ಒಂದು ಅರ್ಥದಲ್ಲಿ ಹೇಳಿದ, ನಾನು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡೆ. ಆ ಎರಡು ಪದಗಳಿಗಾಗಿ ಹಸು ಎರಡು ದಿನ ಕಳೆದುಕೊಂಡಿತು. ಪ್ರಾಣಿಗಳ ಅಂಗರಚನೆಯ ಮೂಲಪದಗಳನ್ನು ಪರೀಕ್ಷೆಗೆ ಉರುಹೊಡೆದು ಮರೆಯುವ ವಿದ್ಯಾರ್ಥಿಗಳಿಗೂ, ಹಸು ಕಟ್ಟಿಕೊಂಡವರಿಗೂ ಈ ಪ್ರಕರಣವನ್ನು ಪೂರ್ತಿಯಾಗಿ ಹೇಳಬೇಕೆನ್ನಿಸಿದ್ದು ಆ ಕಾರಣಕ್ಕೆ.

ಫೋನಿನಲ್ಲಿ ನಾನು ಮಾಡಿಕೊಂಡ ಲೆಕ್ಕ ಹೀಗಿತ್ತು. ಹಸುವಿನ ಹೊಟ್ಟೆಯ ಎಡ ಅರ್ಧವನ್ನು ಬಹುಮಟ್ಟಿಗೆ ರೂಮೆನ್ ಎಂಬ ಮೆಲುಕು ಚೀಲವೇ ತುಂಬಿಕೊಂಡಿರುತ್ತದೆ. ಅದು ಜಾಗ ಬಿಡುವುದಿಲ್ಲವಾದ್ದರಿಂದ ಬೆಳೆಯುವ ಗರ್ಭಕೋಶ ಬಲಕ್ಕೆ ಸರಿಯುತ್ತದೆ. ಏಳು ತಿಂಗಳ ಗಬ್ಬದ ಹಸುವಿನ ಬಲಪಕ್ಕೆ ದಪ್ಪಗೆ ಕಂಡರೆ ಅದು ಕರುವಿನ ಲಕ್ಷಣ, ಗಾಬರಿಯಾಗುವಂಥದ್ದಲ್ಲ. ಇನ್ನು ಮುಂಗಾಲಿನ ಮಂಡಿ: ಸಿಮೆಂಟ್ ನೆಲದ ಮೇಲೆ ಮಲಗಿ ಏಳುವ ಹಸುಗಳಲ್ಲಿ ಆ ಕೀಲು ಊದಿಕೊಳ್ಳುವುದನ್ನು ವಾರಕ್ಕೊಂದಾದರೂ ನೋಡುತ್ತೇನೆ. ನೋವಿಗೆ ಮೇವು ಬಿಟ್ಟಿದೆ, ಮೇವು ಬಿಟ್ಟದ್ದಕ್ಕೆ ಹಾಲು ಇಳಿದಿದೆ ಎಂದುಕೊಂಡೆ. ಊರಿನಲ್ಲಿದ್ದ ಪಶು ಆರೋಗ್ಯ ಕಾರ್ಯಕರ್ತನಿಗೆ ನೋವು ನಿವಾರಕ ಚುಚ್ಚುಮದ್ದು ಹಾಕಲು ಹೇಳಿದೆ, ಜೀರ್ಣಕ್ಕೆ ಪುಡಿ ಬರೆಸಿದೆ.

ಮೊದಲ ದಿನ ಹಸು ಗೆಲುವಾಯಿತು. ಒಂದಿಷ್ಟು ಹಸಿಹುಲ್ಲನ್ನೂ ತಿಂದಿತು. ಈಗ ಯೋಚಿಸಿದರೆ ಅದೇ ನನಗೆ ಹೆಚ್ಚು ಬೇಸರ ತರಿಸುವ ಸಂಗತಿ. ನೋವು ನಿವಾರಕ ನೋವನ್ನಷ್ಟೇ ತಗ್ಗಿಸುವುದಿಲ್ಲ, ಜ್ವರವನ್ನೂ ಇಳಿಸುತ್ತದೆ. ಒಳಗಿನ ಬೆಂಕಿ ಹಾಗೆಯೇ ಇದ್ದು ಹೊಗೆ ಮಾತ್ರ ಕಾಣದಂತಾಗುತ್ತದೆ. ಮೂರನೆಯ ಬೆಳಿಗ್ಗೆ ಮಗ ಮತ್ತೆ ಕರೆ ಮಾಡಿದ. "ಹಸು ಮಲಗುವುದಕ್ಕೇ ಹೆದರುತ್ತಿದೆ ಡಾಕ್ಟರೇ. ಮಲಗಲು ಹೋಗಿ ನರಳುತ್ತದೆ, ಮತ್ತೆ ನಿಂತುಬಿಡುತ್ತದೆ." ಆ ಮಾತು ಕೇಳಿದ ಕೂಡಲೇ ಹೊರಟೆ.

ಕೊಟ್ಟಿಗೆಯಲ್ಲಿ

ಮಗ ಗೊಂತಿನ ಆಚೆಗೆ, ಹಸುವಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ. ದಿನಾ ಹುಲ್ಲು ಹಾಕುವುದು ಅಲ್ಲಿಂದಲೇ. "ನೋಡಿ, ಬಲಗಡೆ" ಎಂದು ಕೈ ತೋರಿಸಿದ. ಅವನ ಬಲಗೈ ನೇರವಾಗಿ ಹಸುವಿನ ಎಡಪಕ್ಕೆಯನ್ನು ತೋರಿಸುತ್ತಿತ್ತು.

ಅಂಗರಚನೆಯಲ್ಲಿ ಎಡಬಲಗಳು ಯಾವಾಗಲೂ ಪ್ರಾಣಿಯವು. ನೋಡುವವರು ಎಲ್ಲಿ ನಿಂತಿದ್ದರೂ ಹಸುವಿನ ಎಡ ಹಸುವಿನ ಎಡವೇ. ಇದನ್ನು ನೆನಪಿಡಲು ನಾನು ಹೇಳಿಕೊಡುವ ಉಪಾಯ ಸರಳವಾದದ್ದು: ಹಸುವಿನ ಹಿಂದೆ, ಒದೆತಕ್ಕೆ ಸಿಗದಷ್ಟು ದೂರದಲ್ಲಿ, ಅದು ನೋಡುವ ದಿಕ್ಕಿಗೇ ಮುಖ ಮಾಡಿ ನಿಲ್ಲಿ. ಆಗ ನಿಮ್ಮ ಎಡವೂ ಅದರ ಎಡವೂ ಒಂದೇ. ಮಗ ಹಿಂದೆ ಬಂದು ನಿಂತ. ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಉಬ್ಬಿರುವುದು ಎಡಗಡೆ" ಎಂದ.

ಎಡಪಕ್ಕೆಯ ಮೇಲ್ಭಾಗದಲ್ಲಿ, ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಆರೋಗ್ಯವಂತ ಹಸುವಿನಲ್ಲಿ ಒಂದು ಹಳ್ಳ ಕಾಣುತ್ತದೆ. ಚುಕ್ಕಿಯ ಆ ಹಳ್ಳ ಮುಚ್ಚಿಹೋಗಿ ಚರ್ಮ ಬಿಗಿದಿತ್ತು. ಬೆರಳಿನಿಂದ ತಟ್ಟಿದರೆ ಡೊಳ್ಳಿನ ಸದ್ದು. ಕರುವಿಗೂ ಈ ಉಬ್ಬರಕ್ಕೂ ಸಂಬಂಧವೇ ಇರಲಿಲ್ಲ. ಅದು ರೂಮೆನ್‌ನ ಮೇಲ್ಭಾಗದಲ್ಲಿ ನಿಂತ ಗಾಳಿ.

ಇನ್ನು 'ಮಂಡಿ'. ಅದನ್ನು ತೋರಿಸು ಎಂದೆ. ಅವನು ಮುಂಗಾಲಿನ ನಡುವಿನ ಕೀಲನ್ನು ಮುಟ್ಟಲಿಲ್ಲ. ಬಗ್ಗಿ, ಎದೆಗೆ ಅಂಟಿಕೊಂಡಂತಿರುವ ಮೇಲಿನ ಕೀಲನ್ನು ತೋರಿಸಿದ. ಅದು ಎರಡೂ ಕಡೆ ಎದೆಯಿಂದ ದೂರಕ್ಕೆ ಚಾಚಿಕೊಂಡಿತ್ತು. ಅದರ ಹಿಂದಿನ ಮಾಂಸಖಂಡ ಚಳಿ ಹಿಡಿದಂತೆ ಅದುರುತ್ತಿತ್ತು. ಅದು ಹಸುವಿನ ಮೊಣಕೈ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾಲ್ಕು ಕಾಲಿನ ಪ್ರಾಣಿಯ ಕೀಲುಗಳ ಹೆಸರಿನಲ್ಲಿ ಎಡವದವರು ಕಡಿಮೆ. ಮಗನಿಗೆ ಹೀಗೆ ಹೇಳಿದೆ: "ನೀನು ಎರಡೂ ಕೈ ನೆಲಕ್ಕೆ ಊರಿ, ನಡುಬೆರಳು ಮತ್ತು ಉಂಗುರದ ಬೆರಳುಗಳ ತುದಿಯ ಮೇಲೆ ಮಾತ್ರ ನಿಂತಿದ್ದೀಯೆ ಎಂದುಕೋ. ಆ ಎರಡು ಬೆರಳುಗಳ ಉಗುರು ಹಸುವಿಗೆ ಗೊರಸು. ಬೆರಳಿನಿಂದ ಮೇಲೆ ಬಂದರೆ ಅಂಗೈಯ ಮೂಳೆ, ಅದರ ಮೇಲೆ ಮಣಿಕಟ್ಟು. ಊರಿನವರೆಲ್ಲ ಮುಂಗಾಲಿನ ಮಂಡಿ ಎನ್ನುವುದು ಆ ಮಣಿಕಟ್ಟನ್ನೇ. ಮೊಣಕೈ ಇನ್ನೂ ಮೇಲೆ, ಎದೆಯ ಪಕ್ಕದಲ್ಲಿದೆ." ಹಿಂಗಾಲಿನಲ್ಲೂ ಇದೇ ಕಥೆ. ಹಿಂದಕ್ಕೆ ಚೂಪಾಗಿ ಚಾಚಿರುವ ಕೀಲನ್ನು ಜನ ಮಂಡಿ ಎನ್ನುತ್ತಾರೆ. ಅದು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮೊಣಕಾಲು, ಚಿಪ್ಪಿನ ಸಮೇತ, ಹೊಟ್ಟೆಯ ಅಂಚಿನಲ್ಲಿ ಅಡಗಿದೆ. ಅವನು ತನ್ನ ಕೈಯನ್ನು ಗೋಡೆಗೆ ಊರಿ ಬೆರಳ ತುದಿಯ ಮೇಲೆ ಭಾರ ಹಾಕಿ ನೋಡಿದ. ಆಮೇಲೆ ಅವನಿಗೆ ಅನುಮಾನ ಉಳಿಯಲಿಲ್ಲ.

ಮಣಿಕಟ್ಟು ನೋಯುವ ಹಸು ಆ ಕಾಲಿಗೆ ಭಾರ ಕೊಡುವುದಿಲ್ಲ, ಕುಂಟುತ್ತದೆ. ಎರಡೂ ಮೊಣಕೈಗಳನ್ನು ಹೊರಕ್ಕೆ ಚಾಚಿ ಬೆನ್ನನ್ನು ಕಮಾನಿನಂತೆ ಎತ್ತಿ ನಿಲ್ಲುವ ಹಸುವಿಗೆ ಕಾಲಿನಲ್ಲಿ ತೊಂದರೆಯಿಲ್ಲ. ಎದೆಗೂಡಿನ ತಳದಲ್ಲಿ ಏನೋ ಚುಚ್ಚುತ್ತಿದೆ, ಅದರ ಮೇಲೆ ಒತ್ತಡ ಬೀಳದಂತೆ ಅದು ಮೈಯನ್ನು ಕಾಯ್ದುಕೊಳ್ಳುತ್ತಿದೆ. ಫೋನಿನಲ್ಲಿ 'ಮಂಡಿ' ಎಂದಾಗ 'ಎಷ್ಟು ಎತ್ತರದಲ್ಲಿದೆ, ಎದೆಯ ಹತ್ತಿರವೋ ನೆಲದ ಹತ್ತಿರವೋ' ಎಂದು ನಾನು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ತಾಪ 103.2 ಡಿಗ್ರಿ ಫ್ಯಾರನ್‌ಹೀಟ್, ಹಸುವಿಗೆ 101.5ರ ಆಸುಪಾಸು ಸಹಜ. ನಾಡಿ ನಿಮಿಷಕ್ಕೆ 88. ಉಸಿರು ಮೇಲುಮೇಲಕ್ಕೆ ಆಡುತ್ತಿತ್ತು, ಎದೆ ಹಿಗ್ಗಿಸಲು ಹಸು ಅಂಜುತ್ತಿತ್ತು. ಎಡಪಕ್ಕೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಎರಡು ನಿಮಿಷ ಕೇಳಿದೆ. ಆರೋಗ್ಯವಾಗಿದ್ದರೆ ದೂರದ ಗುಡುಗಿನಂಥ ಸದ್ದು ಆ ಅವಧಿಯಲ್ಲಿ ಎರಡರಿಂದ ನಾಲ್ಕು ಬಾರಿ ಬರಬೇಕು. ಬಂದದ್ದು ಒಂದೇ, ಅದೂ ಸೋತ ಸದ್ದು. ಸಗಣಿ ಕಡಿಮೆ, ಗಟ್ಟಿ.

ಹೆಗಲ ಮೇಲಿನ ಚರ್ಮವನ್ನು ಎರಡೂ ಕೈಯಿಂದ ಹಿಡಿದು ಚಿವುಟಿದೆ. ಯಾವ ಹಸುವಾದರೂ ಆಗ ಬೆನ್ನನ್ನು ಕೆಳಕ್ಕೆ ತಗ್ಗಿಸುತ್ತದೆ. ಚುಕ್ಕಿ ತಗ್ಗಿಸಲಿಲ್ಲ, ಉಸಿರು ಬಿಗಿಹಿಡಿದು ಒಮ್ಮೆ ನರಳಿತು. ಆಮೇಲೆ ಒಂದು ಬಿದಿರಿನ ಗಳವನ್ನು ಎದೆಮೂಳೆಯ ತುದಿಯ ಹಿಂದೆ ಹೊಟ್ಟೆಯಡಿಗೆ ತೂರಿಸಿ, ತಾಯಿ ಒಂದು ಕಡೆ ಮಗ ಒಂದು ಕಡೆ ಹಿಡಿದು ನಿಧಾನವಾಗಿ ಎತ್ತಿ ತಟ್ಟನೆ ಬಿಟ್ಟರು. ಬಿಟ್ಟ ಗಳಿಗೆಯಲ್ಲಿ ಬಂದ ನರಳಿಕೆ ಅಂಗಳದಲ್ಲಿದ್ದವರಿಗೂ ಕೇಳಿಸಿತು. ತಾಯಿ ಗಳವನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಮ್ಮ, ಮನೆ ಕಟ್ಟಿಸುತ್ತಿದ್ದೀರಾ?" ಎಂದು ಕೇಳಿದೆ. ಕೊಟ್ಟಿಗೆಯ ಪಕ್ಕದಲ್ಲೇ ತಾರಸಿ ಹಾಕಿದ ಹೊಸ ಗೋಡೆಗಳಿದ್ದವು. ಕಬ್ಬಿಣ ಕಟ್ಟಿದವರು ಬೈಂಡಿಂಗ್ ವೈರನ್ನು ಕತ್ತರಿಸಿ ಕತ್ತರಿಸಿ ಬಿಸಾಡಿದ್ದರು. ಬಿದ್ದದ್ದು ರಾಗಿಹುಲ್ಲಿನ ಬಣವೆಯ ಬುಡಕ್ಕೆ.

ತಂತಿ ಹೋದ ದಾರಿ

ನಾವು ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ಉಗುಳುತ್ತೇವೆ. ಹಸುವಿಗೆ ಆ ಅನುಕೂಲವಿಲ್ಲ. ಅದರ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ, ಗಟ್ಟಿ ವಸಡಿನ ಮೆತ್ತೆಯಿದೆ. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು ಅರೆಬರೆ ಅಗಿದು ನುಂಗುತ್ತದೆ. ಚೆನ್ನಾಗಿ ಅಗಿಯುವುದು ಆಮೇಲೆ, ಮೆಲುಕು ಹಾಕುವಾಗ. ನಾಲಿಗೆಯ ಮೇಲಿನ ಒರಟು ಮುಳ್ಳುಗಳೂ ಗಂಟಲಿನ ಕಡೆಗೇ ಬಾಗಿವೆ. ಒಮ್ಮೆ ಬಾಯೊಳಗೆ ಹೋದ ತಂತಿಗೆ ಒಳಕ್ಕೆ ಮಾತ್ರ ದಾರಿ.

ಹಸುವಿಗೆ ನಾಲ್ಕು ಹೊಟ್ಟೆ ಎನ್ನುವುದು ವಾಡಿಕೆ. ಸರಿಯಾಗಿ ಹೇಳುವುದಾದರೆ ಜಠರ ಒಂದೇ, ಕೋಣೆಗಳು ನಾಲ್ಕು. ರೂಮೆನ್ ಎಲ್ಲಕ್ಕಿಂತ ದೊಡ್ಡದು, ಬೆಳೆದ ಹಸುವಿನಲ್ಲಿ ನೂರು ಲೀಟರಿಗೂ ಮೀರಿ ಹಿಡಿಯುವ ಹುದುಗಿನ ಹಂಡೆ. ಅದರ ಮುಂದೆ ರೆಟಿಕ್ಯುಲಮ್. ಒಳಗೋಡೆ ಜೇನುತಟ್ಟಿಯ ಹಾಗೆ ಮನೆಮನೆಯಾಗಿರುವುದರಿಂದ ಅದನ್ನು ಜಾಲಕೋಣೆ ಎನ್ನೋಣ. ಆಮೇಲೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಒಮೇಸಮ್, ಕೊನೆಗೆ ನಮ್ಮ ಜಠರದಂತೆ ಆಮ್ಲ ಸುರಿಸುವ ಅಬೊಮೇಸಮ್. ಕುರಿಯ ಬೋಟಿ ತೊಳೆದು ಅಭ್ಯಾಸವಿರುವವರಿಗೆ ಇವುಗಳ ಒಳಮೈ ಕೈಗೇ ಗೊತ್ತು: ಟರ್ಕಿ ಟವೆಲಿನಂಥ ತುಂಡು, ಜೇನುಗೂಡಿನಂಥ ತುಂಡು, ಹಾಳೆ ಹಾಳೆಯ ತುಂಡು. ಅವರು ನಮ್ಮ ಮೊದಲ ವರ್ಷದ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಗುರುತಿಸುತ್ತಾರೆ.

ಜಾಲಕೋಣೆ ಎಲ್ಲಿದೆ ಎಂಬುದನ್ನು 'ಮುಂದೆ, ಕೆಳಗೆ' ಎಂದರೆ ಅರ್ಧ ಹೇಳಿದಂತೆ. ನಿಂತ ಮನುಷ್ಯನಿಗೆ 'ಮುಂದೆ' ಎಂದರೆ ಹೊಟ್ಟೆಯ ಕಡೆ, ಹಸುವಿಗೆ 'ಮುಂದೆ' ಎಂದರೆ ತಲೆಯ ಕಡೆ. ಮಲಗಿದ ಹಸುವನ್ನು ಮಗ್ಗುಲಿಗೆ ಉರುಳಿಸಿದರೆ 'ಕೆಳಗೆ' ಎಂಬುದರ ಅರ್ಥವೇ ಬದಲಾಗುತ್ತದೆ. ಆದ್ದರಿಂದಲೇ ಪಶುವೈದ್ಯರು ದಿಕ್ಕನ್ನು ಪ್ರಾಣಿಯ ಮೈಗೆ ಕಟ್ಟಿಹಾಕಿದ್ದಾರೆ. ತಲೆಯ ಕಡೆಗೆ ಕ್ರೇನಿಯಲ್, ಬಾಲದ ಕಡೆಗೆ ಕಾಡಲ್, ಬೆನ್ನಿನ ಕಡೆಗೆ ಡಾರ್ಸಲ್, ಹೊಟ್ಟೆಯ ಕಡೆಗೆ ವೆಂಟ್ರಲ್. ಮೈಯ ನಡುಗೆರೆಗೆ ಹತ್ತಿರವಾದದ್ದು ಮೀಡಿಯಲ್, ದೂರವಾದದ್ದು ಲ್ಯಾಟರಲ್. ಹಸು ನಿಂತರೂ ಮಲಗಿದರೂ ಅಂಗಾತ ಬಿದ್ದರೂ ಈ ಮಾತುಗಳು ಕದಲುವುದಿಲ್ಲ. ತಲೆಯೊಳಗೆ ಮಾತ್ರ ಕ್ರೇನಿಯಲ್ ಎಂದರೆ ಅರ್ಥವಾಗದು, ತಲೆಯೊಳಗೇ ಇದ್ದು ತಲೆಯ ಕಡೆಗೆ ಹೋಗುವುದೆಲ್ಲಿಗೆ? ಅಲ್ಲಿ ಮೂತಿಯ ಕಡೆಗೆ ರಾಸ್ಟ್ರಲ್ ಎನ್ನುತ್ತೇವೆ. ಪಶು ಅಂಗರಚನೆಯ ಇಂಥ ಹೆಸರುಗಳನ್ನು ಜಗತ್ತಿಗೆಲ್ಲ ಒಂದೇ ಆಗಿಸಲು ಹೊರಟ ಅಂತರರಾಷ್ಟ್ರೀಯ ಪದಪಟ್ಟಿ ಮೊದಲು ಪ್ರಕಟವಾದದ್ದು 1968ರಲ್ಲಿ. ತಲೆಯ ಕಡೆ, ಬಾಲದ ಕಡೆ, ಬೆನ್ನಿನ ಕಡೆ, ಹೊಟ್ಟೆಯ ಕಡೆ ಎಂದು ಕನ್ನಡದಲ್ಲಿ ಹೇಳಿದರೂ ಕೆಲಸ ಅಷ್ಟೇ ಕರಾರುವಾಕ್ಕಾಗಿ ನಡೆಯುತ್ತದೆ ಎಂಬುದು ನನ್ನ ಅನುಭವ.

ಜಾಲಕೋಣೆ ರೂಮೆನ್‌ನ ತಲೆಯ ಕಡೆ, ಹೊಟ್ಟೆಯ ಕಡೆ, ಆರರಿಂದ ಎಂಟನೆಯ ಪಕ್ಕೆಲುಬುಗಳ ಮಟ್ಟದಲ್ಲಿದೆ. ಅದರ ಮುಂಗೋಡೆ ವಪೆಗೆ, ಎಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಮಾಂಸದ ಪರದೆಗೆ, ಒತ್ತಿಕೊಂಡಿದೆ. ವಪೆಯ ಆಚೆ, ಕೆಲವೇ ಸೆಂಟಿಮೀಟರ್ ದೂರದಲ್ಲಿ, ಹೃದಯ. ಅನ್ನನಾಳ ಬಂದು ತೆರೆದುಕೊಳ್ಳುವುದು ರೂಮೆನ್ ಮತ್ತು ಜಾಲಕೋಣೆ ಕೂಡುವಲ್ಲಿ. ನುಂಗಿದ ಭಾರದ ವಸ್ತು ಜಾಲಕೋಣೆಗೆ ಇಳಿದು ಅದರ ಜೇನುಮನೆಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಸಿಕ್ಕಿಕೊಂಡು ಸುಮ್ಮನಿದ್ದರೆ ಚಿಂತೆಯಿಲ್ಲ. ಎಷ್ಟೋ ಹಸುಗಳ ಜಾಲಕೋಣೆಯಲ್ಲಿ ಮೊಳೆ, ನಟ್ಟು ವರ್ಷಗಟ್ಟಲೆ ಇರುತ್ತವೆ. ಆದರೆ ಈ ಕೋಣೆ ಸುಮಾರು ನಿಮಿಷಕ್ಕೊಮ್ಮೆ, ಬೆನ್ನುಬೆನ್ನಿಗೆ ಎರಡು ಸಲ ಮುದುಡುತ್ತದೆ. ಎರಡನೆಯ ಸಲ ಗೋಡೆಗಳು ಹೆಚ್ಚುಕಡಿಮೆ ಒಂದಕ್ಕೊಂದು ತಾಗುವಷ್ಟು. ಆಗ ಒಳಗೆ ಚೂಪಾದ ತಂತಿಯಿದ್ದರೆ ಗೋಡೆಯನ್ನು ತೂರುತ್ತದೆ. ಗಬ್ಬ ತುಂಬಿದ ಹಸುವಿನಲ್ಲಿ ಗರ್ಭಕೋಶ ಹಿಂದಿನಿಂದ ಒತ್ತುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಗೋಡೆ ತೂತಾದರೆ ಹೊಟ್ಟೆಯ ಒಳಪೊರೆಗೆ ಸೋಂಕು, ಅದರಿಂದ ನೋವು ಮತ್ತು ಜ್ವರ. ನೋವಿಗೆ ಜಾಲಕೋಣೆಯೂ ರೂಮೆನ್ನೂ ಮುದುಡುವುದನ್ನೇ ಕಡಿಮೆ ಮಾಡುತ್ತವೆ. ಹಸು ತೇಗುವುದು ರೂಮೆನ್‌ನ ಮುದುಡುವಿಕೆಯ ತಾಳದಲ್ಲೇ. ತಾಳ ತಪ್ಪಿದರೆ ತೇಗಿಲ್ಲ, ರೂಮೆನ್‌ನಲ್ಲಿ ಹುಟ್ಟಿದ ಗಾಳಿ ಅಲ್ಲೇ ಉಳಿಯುತ್ತದೆ. ಎಡಪಕ್ಕೆಯ ಉಬ್ಬರವೂ ಮೊಣಕೈಯ ಚಾಚೂ ಒಂದೇ ಗಾಯದ ಎರಡು ತುದಿಗಳಾಗಿದ್ದವು.

ತಂತಿ ವಪೆಯನ್ನೂ ದಾಟಿ ಹೃದಯದ ಸುತ್ತಲಿನ ಚೀಲವನ್ನು ಮುಟ್ಟಿದರೆ ಕುತ್ತಿಗೆಯ ದೊಡ್ಡ ರಕ್ತನಾಳ ಹಗ್ಗದಂತೆ ಎದ್ದು ಕಾಣುತ್ತದೆ, ಕುತ್ತಿಗೆಯಡಿ ಜೋಲುವ ಗಂಗೆದೊಗಲಿಗೂ ಎದೆಯ ಮುಂಭಾಗಕ್ಕೂ ನೀರು ತುಂಬುತ್ತದೆ, ಹೃದಯದ ಸದ್ದು ಮಂಕಾಗುತ್ತದೆ ಅಥವಾ ನೀರು ಕುಲುಕಿದಂತೆ ಕೇಳಿಸುತ್ತದೆ. ಆ ಹಂತ ತಲುಪಿದ ಹಸುವನ್ನು ಉಳಿಸುವುದು ಬಹಳ ಕಷ್ಟ. ಚುಕ್ಕಿಯ ಗಂಗೆದೊಗಲನ್ನು ಮೇಲಿನಿಂದ ಕೆಳಗಿನವರೆಗೂ ಕೈಯಲ್ಲಿ ಹಿಡಿದು ನೋಡಿದೆ, ಸಡಿಲವಾಗಿಯೇ ಇತ್ತು. ಹೃದಯದ ಸದ್ದು ಸ್ಪಷ್ಟವಾಗಿತ್ತು. ಸಮಯ ಉಳಿದಿತ್ತು.

ಚಿಕಿತ್ಸೆ

ಈ ಕಾಯಿಲೆಯಲ್ಲಿ ಎಲ್ಲ ಹಸುಗಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೆರಳುದ್ದದ ಒಂದು ಅಯಸ್ಕಾಂತವನ್ನು ನುಂಗಿಸಿ, ಆ್ಯಂಟಿಬಯೋಟಿಕ್ ಕೊಟ್ಟು, ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿದರೆ ತಂತಿ ಹಿಂದಕ್ಕೆ ಜಾರಿ ಅಯಸ್ಕಾಂತಕ್ಕೆ ಅಂಟಿಕೊಂಡು ಎಷ್ಟೋ ಹಸುಗಳು ಗುಣವಾಗುತ್ತವೆ. ಹಾಗೆಯೇ ಮಾಡಿದೆವು. ಮಗ ಮಣ್ಣು ಹಾಕಿ ಹಲಗೆ ಹಾಸಿ ಗೊಂತಿನ ಬುಡವನ್ನು ಒಂದು ಗೇಣು ಎತ್ತರಿಸಿದ. ಎರಡು ದಿನ ಕಳೆದರೂ ನಾಡಿ ಇಳಿಯಲಿಲ್ಲ, 92ಕ್ಕೆ ಏರಿತು. ಐದನೆಯ ದಿನ ನನ್ನ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಹೋದೆ.

ಹಸುವನ್ನು ನಿಂತಲ್ಲೇ ತೆಂಗಿನ ಮರಕ್ಕೆ ಕಟ್ಟಿದೆವು. ಎಡಪಕ್ಕೆಯ ಕೂದಲು ಬೋಳಿಸುವಾಗ ತಾಯಿ ಕೇಳಿದರು: "ಮುಳ್ಳು ಎದೆಯ ಹತ್ತಿರ ಇದೆ ಅಂದಿರಿ. ಇಲ್ಲಿ ಹಿಂದೆ ಯಾಕೆ ಕೊಯ್ಯುತ್ತೀರಿ ಸ್ವಾಮಿ?"

ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲೂ ಯಾರೂ ಕೇಳಿದ ನೆನಪಿಲ್ಲ. "ಮುಂದೆ ಪಕ್ಕೆಲುಬುಗಳ ಬೇಲಿ ಇದೆ ಅಮ್ಮ, ಕೈ ಹೋಗುವುದಿಲ್ಲ. ಪಕ್ಕೆಯಲ್ಲಿ ಮೂಳೆಯಿಲ್ಲ, ಚರ್ಮ ಮಾಂಸ ಮಾತ್ರ. ಇಲ್ಲಿಂದ ದೊಡ್ಡ ಚೀಲದೊಳಗೆ ಕೈ ಹಾಕಿ ಅದರೊಳಗಿನಿಂದಲೇ ಮುಂದಿನ ಕೋಣೆಗೆ ಹೋಗುತ್ತೇನೆ. ಹಜಾರದಿಂದ ಒಳಮನೆಗೆ ಹೋದ ಹಾಗೆ" ಎಂದೆ.

ಬೆನ್ನುಮೂಳೆಯ ಎಡಬದಿಯಲ್ಲಿ ಎದೆಯ 13ನೆಯ ನರಕ್ಕೂ ಸೊಂಟದ ಮೊದಲೆರಡು ನರಗಳಿಗೂ ಮರವಳಿಕೆ ಮದ್ದು ಕೊಟ್ಟೆವು. ಬೆನ್ನಿನ ಕಡೆಯಿಂದ ಹೊಟ್ಟೆಯ ಕಡೆಗೆ ಸುಮಾರು 20 ಸೆಂ.ಮೀ. ಗೀರು. ಚರ್ಮದ ಕೆಳಗೆ ಮೂರು ಪದರ ಮಾಂಸಖಂಡ, ಮೂರರ ಎಳೆಗಳೂ ಮೂರು ದಿಕ್ಕಿಗೆ: ಮೊದಲನೆಯದು ಬಾಲದ ಕಡೆಗೆ ಓರೆಯಾಗಿ ಇಳಿಯುತ್ತದೆ, ಎರಡನೆಯದು ತಲೆಯ ಕಡೆಗೆ ಓರೆಯಾಗಿ, ಮೂರನೆಯದು ನೇರ ಕೆಳಕ್ಕೆ. ಆಮೇಲೆ ಹೊಟ್ಟೆಯ ಒಳಪೊರೆ. ಅದನ್ನು ಕತ್ತರಿಸಿದಾಗ ಹೊರಗಿನ ಗಾಳಿ ಸುಯ್ಯೆಂದು ಒಳಕ್ಕೆ ಹೋಯಿತು. ಗಾಳಿ ಒಳಹೋಗುವ ಆ ಸದ್ದು ಕೇಳಿದರೆ ಸರಿಯಾದ ಜಾಗ ತಲುಪಿದ್ದೇವೆ ಎಂದೇ ಅರ್ಥ.

ರೂಮೆನ್‌ನ ಗೋಡೆಯನ್ನು ಚರ್ಮಕ್ಕೆ ಹೊಲಿದು, ಒಳಗಿನದು ಒಂದು ಹನಿಯೂ ಹೊಟ್ಟೆಯೊಳಗೆ ಚೆಲ್ಲದಂತೆ ಭದ್ರ ಮಾಡಿ ಅದನ್ನು ಸೀಳಿದೆವು. ಮೇಲೆ ಗಾಳಿ, ನಡುವೆ ತೇಲುವ ಹುಲ್ಲಿನ ಚಾಪೆ, ತಳದಲ್ಲಿ ನೀರು. ಒಂದಷ್ಟು ಹುಲ್ಲನ್ನು ಹೊರತೆಗೆದು ತೋಳನ್ನು ಭುಜದವರೆಗೂ ಒಳಗೆ ಬಿಟ್ಟೆ. ತಲೆಯ ಕಡೆಗೆ, ಹೊಟ್ಟೆಯ ಕಡೆಗೆ. ಟವೆಲಿನಂಥ ಗೋಡೆ ಮುಗಿದು ಒಂದು ಮಡಿಕೆ ಸಿಕ್ಕಿತು. ಅದರ ಈಚೆಗೇ, ರೂಮೆನ್‌ನ ಮುಂಚೀಲದಲ್ಲಿ, ನಾವು ನುಂಗಿಸಿದ್ದ ಅಯಸ್ಕಾಂತ ಬಿದ್ದಿತ್ತು. ಅದನ್ನು ಜಾಲಕೋಣೆಗೆ ಸಾಗಿಸಬೇಕಾದದ್ದು ರೂಮೆನ್‌ನ ಚಲನೆ. ಆ ಚಲನೆಯೇ ಸೋತಿದ್ದಾಗ ಅದು ಹೋಗುವುದಾದರೂ ಹೇಗೆ? ಮಡಿಕೆಯನ್ನು ದಾಟಿದೆ. ಬೆರಳಿಗೆ ಜೇನುಮನೆಗಳು ತಾಗಿದವು.

ಮರಳು, ಎರಡು ಸಣ್ಣ ಮೊಳೆ. ಆಮೇಲೆ ಮುಂಗೋಡೆಯಲ್ಲಿ, ನಡುಗೆರೆಗಿಂತ ತುಸು ಎಡಕ್ಕೆ, ನೆಟ್ಟಗೆ ನಿಂತ ತಂತಿ. ಗೋಡೆಯ ಆಚೆಗೆ ಹೋದ ತುದಿ ಸಿಗಲಿಲ್ಲ. ಅದೇ ಗೋಡೆಯ ಮೂಲಕ, ವಪೆಯ ಆಚೆಯಿಂದ, ಹೃದಯ ಬಡಿಯುವುದು ನನ್ನ ಬೆರಳ ತುದಿಗೆ ತಿಳಿಯುತ್ತಿತ್ತು. ಉಸಿರು ಬಿಗಿಹಿಡಿದು ತಂತಿಯನ್ನು ನೇರವಾಗಿ ಬಾಲದ ಕಡೆಗೆ ಎಳೆದೆ. ಬಂತು. 6.5 ಸೆಂ.ಮೀ. ಉದ್ದ, ಒಂದು ತುದಿ ಇಕ್ಕಳದಿಂದ ಕತ್ತರಿಸಿದ್ದು, ಸೂಜಿಯಂತೆ ಚೂಪು. ತುದಿಯ ಎರಡು ಸೆಂ.ಮೀ. ಕಪ್ಪಾಗಿತ್ತು. ಅಯಸ್ಕಾಂತವನ್ನು ಎತ್ತಿ ಜಾಲಕೋಣೆಯಲ್ಲಿ ಇಟ್ಟೆ. ಮೊಳೆಗಳು ತಾವೇ ಬಂದು ಅದಕ್ಕೆ ಅಂಟಿಕೊಂಡವು.

ಮರುದಿನ ಸಂಜೆ ಹಸು ಮೆಲುಕು ಹಾಕಿತು. ನಾಲ್ಕನೆಯ ದಿನಕ್ಕೆ ನಾಡಿ 70. ಚುಚ್ಚುಮದ್ದಿನ ದಿನಗಳ ಹಾಲನ್ನು ಡೇರಿಗೆ ಹಾಕದೆ ಚೆಲ್ಲಿಸಿದೆ. ಗಬ್ಬದ ಲೆಕ್ಕಕ್ಕೆ ಹೇಗೂ ಹಾಲು ಬತ್ತಿಸುವ ಕಾಲ ಬಂದಿದ್ದರಿಂದ ಆಮೇಲೆ ಕರೆಯುವುದನ್ನೇ ನಿಲ್ಲಿಸಿದರು. ಬಣವೆಯನ್ನು ಕಿತ್ತು ಬೇರೆ ಕಡೆ ಒಟ್ಟಿದರು. ಹಳೆಯ ಜಾಗದ ಮಣ್ಣಿನಲ್ಲಿ ಮಗ ಅಯಸ್ಕಾಂತ ಎಳೆದಾಡಿಸಿ ಒಂದು ಲೋಟದಷ್ಟು ತಂತಿಯ ಚೂರು ಕೂಡಿಸಿದ್ದ.

ಜನವರಿ ಕೊನೆಯಲ್ಲಿ ಚುಕ್ಕಿ ಹೆಣ್ಣುಕರು ಹಾಕಿತು. ಕರು ನೋಡಲು ಹೋದಾಗ ಮಗ ಒಂದು ಅನುಮಾನ ಮುಂದಿಟ್ಟ: ಅಯಸ್ಕಾಂತ ಇನ್ನೂ ಒಳಗೆ ಇದೆಯೋ, ಎಲ್ಲಾದರೂ ಜಾರಿಹೋಯಿತೋ? ಅವನ ಅಕ್ಕನ ಮಗಳು ಶಾಲೆಯ ದಿಕ್ಸೂಚಿಯನ್ನು ತಂದಳು. ಎಲ್ಲಿ ಹಿಡಿಯಬೇಕೆಂದು ನಾನು ಹೇಳುವ ಮೊದಲೇ ಅವಳ ಮಾವ ಹೇಳಿಕೊಟ್ಟ. "ಹಸುವಿನ ಎಡಗಡೆಗೆ ಬಾ. ಮೊಣಕೈ ಗೊತ್ತಲ್ಲ, ಮಂಡಿ ಅಲ್ಲ, ಮೇಲಿನದು. ಅದರಿಂದ ಬಾಲದ ಕಡೆಗೆ ಒಂದು ಗೇಣು, ಹೊಟ್ಟೆಯ ಕಡೆಗೆ." ಹುಡುಗಿ ಕುಕ್ಕರುಗಾಲಿನಲ್ಲಿ ಕುಳಿತು ದಿಕ್ಸೂಚಿಯನ್ನು ಹಸುವಿನ ಮೈಗೆ ಹತ್ತಿರ ತಂದಳು. ಉತ್ತರಕ್ಕೆ ನಿಂತಿದ್ದ ಮುಳ್ಳು ಮೆಲ್ಲಗೆ ಅಲುಗಿ, ತಿರುಗಿ, ಚುಕ್ಕಿಯ ಎದೆಗೂಡನ್ನು ತೋರಿಸುತ್ತ ನಿಂತಿತು.